ಟೂರ್, ಟ್ರಿಪ್, ಜರ್ನಿ: ಏರ್‌ಪೋರ್ಟ್‌ಗೆ ಹೋಗುವುದಕ್ಕೆ ಏನನ್ನಬೇಕು?

ಪ್ರಶ್ನೆ: ನಮಸ್ಕಾರ ಮೇಡಂ. ವಿಜಯನಗರದಲ್ಲಿ ನನ್ನದೊಂದು ಚಿಕ್ಕ ಟ್ರಾವೆಲ್ಸ್ ಇದೆ. ಮೂರು ಇನ್ನೋವಾ, ಒಂದು ಟಿಟಿ, ಅಂದರೆ ಟೆಂಪೋ ಟ್ರಾವೆಲರ್. ಈಚೆಗೆ ಹೊರದೇಶದ ಗೆಸ್ಟ್‌ಗಳು ಜಾಸ್ತಿ ಬರುತ್ತಿದ್ದಾರೆ. ಮಾತೆಲ್ಲ ವಾಟ್ಸಾಪ್‌ನಲ್ಲಿ, ಇಂಗ್ಲಿಷ್‌ನಲ್ಲಿ. ಹೋದ ತಿಂಗಳು ಒಬ್ಬ ಹೆಂಗಸಿಗೆ ‘ಯುವರ್ ಟೂರ್ ಟು ಏರ್‌ಪೋರ್ಟ್ ಈಸ್ ಕನ್ಫರ್ಮ್ಡ್’ ಎಂದು ಮೆಸೇಜ್ ಹಾಕಿದೆ. ಅವರು ಗಾಬರಿಯಾಗಿ ಫೋನ್ ಮಾಡಿ, ‘ನಾನು ಟೂರ್ ಬುಕ್ ಮಾಡಿಲ್ಲ, ನನಗೆ ಫ್ಲೈಟ್ ಹಿಡಿಯಬೇಕು’ ಎಂದರು. ಇನ್ನೊಬ್ಬರಿಗೆ ‘ಹೌ ವಾಸ್ ಯುವರ್ ಟ್ರಾವೆಲ್’ ಎಂದು ಕೇಳಿದೆ. ಅದು ತಪ್ಪು ಅಂತ ಮಗಳು ಹೇಳಿದಳು, ಯಾಕೆ ಅಂತ ಅವಳಿಗೂ ಗೊತ್ತಿಲ್ಲ. ಟ್ರಾವೆಲ್, ಟ್ರಿಪ್, ಟೂರ್, ಜರ್ನಿ, ವಾಯೇಜ್, ಎಲ್ಲಕ್ಕೂ ಡಿಕ್ಷನರಿಯಲ್ಲಿ ಪ್ರಯಾಣ, ಪ್ರವಾಸ ಅಂತಲೇ ಇದೆ. ವ್ಯತ್ಯಾಸ ಹೇಗೆ ತಿಳಿಯುವುದು? ನನ್ನ ಬೋರ್ಡಿನ ಮೇಲಿರುವ ‘ಟೂರ್ಸ್ ಅಂಡ್ ಟ್ರಾವೆಲ್ಸ್’ ಕೂಡ ತಪ್ಪಾ?

ಉತ್ತರ: ಆ ಹೆಂಗಸು ಯಾಕೆ ಗಾಬರಿಯಾದರು ಅನ್ನುವುದರಿಂದಲೇ ಶುರು ಮಾಡೋಣ. ನೀವು ‘ಟೂರ್’ ಅಂದಾಗ ಅವರ ಕಣ್ಣ ಮುಂದೆ ಬಂದದ್ದು ಏರ್‌ಪೋರ್ಟ್ ರಸ್ತೆ ಅಲ್ಲ. ಕಾರು ಮೊದಲು ವಿಧಾನಸೌಧದ ಮುಂದೆ ನಿಲ್ಲುತ್ತದೆ, ಆಮೇಲೆ ಕಬ್ಬನ್ ಪಾರ್ಕ್, ಆಮೇಲೆ ಲಾಲ್‌ಬಾಗ್. ಜೊತೆಗಿದ್ದವರು ಒಬ್ಬರು ಇದು ಇಂಥ ಕಟ್ಟಡ, ಇಂಥವರು ಕಟ್ಟಿಸಿದ್ದು ಅಂತ ವಿವರಿಸುತ್ತಾರೆ. ಕೊನೆಗೆ ಹತ್ತಿಸಿಕೊಂಡ ಜಾಗಕ್ಕೇ ತಂದು ಬಿಡುತ್ತಾರೆ. ಇಂಗ್ಲಿಷ್ ಮನೆಮಾತಿನವರ ಕಿವಿಗೆ ಟೂರ್ ಅಂದರೆ ಸುತ್ತು. ದೇವನಹಳ್ಳಿಗೆ ಹೋಗಿ ವಿಮಾನ ಹತ್ತುವವರಿಗೆ ಸುತ್ತು ಯಾಕೆ? ನೇರ ದಾರಿ ಬೇಕು. ಅವರ ಭಯ ನ್ಯಾಯವಾದದ್ದೇ.

ಈ ಸುತ್ತು ಆ ಪದದ ಹುಟ್ಟಿನಲ್ಲೇ ಇದೆ. ಟೂರ್ ಇಂಗ್ಲಿಷ್‌ಗೆ ಬಂದದ್ದು ಫ್ರೆಂಚಿನಿಂದ. ಅದರ ಹಿಂದೆ ಲ್ಯಾಟಿನ್‌ನ ‘ಟೋರ್ನಸ್’ ಇದೆ, ಅಂದರೆ ಲೇತ್. ಚನ್ನಪಟ್ಟಣದಲ್ಲಿ ಗೊಂಬೆ ಮಾಡುವುದನ್ನು ನೀವು ಗೆಸ್ಟ್‌ಗಳಿಗೆ ತೋರಿಸಿರುತ್ತೀರಿ. ಮರದ ತುಂಡು ಲೇತಿನಲ್ಲಿ ಗಿರಗಿರನೆ ತಿರುಗುತ್ತದೆ, ಕುಶಲಕರ್ಮಿ ಉಳಿ ಹಿಡಿದು ಅದನ್ನು ಗುಂಡಗೆ ತೆಗೆಯುತ್ತಾರೆ, ಆಮೇಲೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಆ ತಿರುಗುವಿಕೆಯೇ ಟೂರ್. ‘ಟರ್ನ್’ ಎನ್ನುವ ಪದವೂ ಇದೇ ಬೇರಿನದು. ಮುಂದಿನ ಸಲ ಯಾವುದಾದರೂ ಬುಕಿಂಗ್‌ಗೆ ಟೂರ್ ಅನ್ನಬಹುದಾ ಅಂತ ಅನುಮಾನ ಬಂದರೆ ಆ ಲೇತನ್ನು ನೆನೆಸಿಕೊಳ್ಳಿ. ಗಾಡಿ ನಾಲ್ಕು ಕಡೆ ಸುತ್ತಿ ಬರುತ್ತದಾ? ಹಾಗಾದರೆ ಟೂರ್. ಬೆಳಿಗ್ಗೆ ಬೇಗ ಹೊರಟು ಶ್ರವಣಬೆಳಗೊಳ, ಹಳೇಬೀಡು, ಬೇಲೂರು ನೋಡಿಸಿ ರಾತ್ರಿ ವಾಪಸ್ ಬಿಡುತ್ತೀರಲ್ಲ, ಅದು ಅಪ್ಪಟ ಟೂರ್.

ದೂರಕ್ಕೂ ಟೂರ್‌ಗೂ ಸಂಬಂಧವಿಲ್ಲ ಅನ್ನುವುದನ್ನೂ ಗಮನಿಸಿ. ಬೆಂಗಳೂರು ಅರಮನೆಯ ಒಳಗೆ ಒಂದು ಗಂಟೆ ಕೋಣೆ ಕೋಣೆ ತೋರಿಸಿಕೊಂಡು ಬಂದರೆ ಅದೂ ಟೂರ್. ಹೊಸದಾಗಿ ಸೇರಿದವರಿಗೆ ಆಫೀಸಿನ ಮೂರು ಫ್ಲೋರ್ ತೋರಿಸಿದರೆ ಅದೂ ಟೂರ್.

ನಮಗೆ ಇದು ಹೊಸ ವಿಷಯ ಏನಲ್ಲ. ನಮ್ಮ ತಂದೆ ರೆವಿನ್ಯೂ ಇಲಾಖೆಯಲ್ಲಿದ್ದರು. ಅವರ ಮೇಲಿನ ಸಾಹೇಬರು ಹಳ್ಳಿ ಹಳ್ಳಿ ನೋಡಿಕೊಂಡು ಬರಲು ಹೊರಟರೆ ಮನೆಯಲ್ಲಿ ‘ಸರ್ಕೀಟು’ ಅನ್ನುತ್ತಿದ್ದರು. ನಾನು ಅದನ್ನು ಅಚ್ಚ ಕನ್ನಡ ಅಂದುಕೊಂಡೇ ಬೆಳೆದೆ. ಅದು ಇಂಗ್ಲಿಷಿನ ‘ಸರ್ಕ್ಯೂಟ್’ ನಮ್ಮ ಬಾಯಲ್ಲಿ ಪಳಗಿ ಆದ ರೂಪ ಅಂತ ತಿಳಿದದ್ದು ಕಾಲೇಜಿಗೆ ಬಂದ ಮೇಲೆ. ಸರ್ಕ್ಯೂಟ್ ಅಂದರೂ ಸುತ್ತೇ ಅಲ್ವಾ? ಇನ್ನು ಕರಾವಳಿಯ ಕಡೆ ಯಕ್ಷಗಾನದ ಮೇಳಗಳು ಮಳೆಗಾಲ ಕಳೆದ ಮೇಲೆ ಊರೂರು ಆಟ ಆಡುತ್ತಾ ಹೋಗುವುದಕ್ಕೆ ‘ತಿರುಗಾಟ’ ಅನ್ನುತ್ತಾರೆ. ‘ಈ ವರ್ಷದ ತಿರುಗಾಟ ಮುಗಿಯಿತು’ ಅನ್ನುವ ಕಲಾವಿದರ ಮಾತನ್ನು ಇಂಗ್ಲಿಷಿಗೆ ತಂದರೆ ಟೂರ್ ಬಿಟ್ಟು ಬೇರೆ ಪದವೇ ಹೊಂದುವುದಿಲ್ಲ. ಕ್ರಿಕೆಟ್ ತಂಡ ಇಂಗ್ಲೆಂಡಿಗೆ ಹೋಗಿ ಐದು ಊರಲ್ಲಿ ಟೆಸ್ಟ್ ಆಡುವುದಕ್ಕೂ ಟೂರ್ ಅನ್ನುವುದು ಇದಕ್ಕೇ.

ಇಲ್ಲೊಂದು ಕಡೆ ನಾವು ಎಡವುತ್ತೇವೆ. ನಮ್ಮ ಆಫೀಸುಗಳಲ್ಲಿ ಯಾರಾದರೂ ದೆಹಲಿಗೆ ಒಂದು ಮೀಟಿಂಗಿಗೆ ಹೋದರೂ ‘ಸರ್ ಟೂರ್‌ನಲ್ಲಿದ್ದಾರೆ’ ಅನ್ನುವ ರೂಢಿ. ಸರ್ಕೀಟಿನ ಕಾಲದಿಂದ ಉಳಿದುಕೊಂಡ ಮಾತು. ನಮ್ಮೊಳಗೆ ಪರವಾಗಿಲ್ಲ, ಎಲ್ಲರಿಗೂ ಅರ್ಥವಾಗುತ್ತದೆ. ಹೊರದೇಶದವರಿಗೆ ಹೇಳುವಾಗ ‘ಬಿಸಿನೆಸ್ ಟ್ರಿಪ್’ ಅನ್ನಿ. ಇಲ್ಲದಿದ್ದರೆ ನಿಮ್ಮ ಸಾಹೇಬರು ಊರು ನೋಡಲು ಹೋಗಿದ್ದಾರೆ ಅಂದುಕೊಳ್ಳುತ್ತಾರೆ.

ಟ್ರಿಪ್ ವಿಷಯಕ್ಕೆ ಬಂದರೆ, ಅದನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ನಿಮ್ಮ ಡ್ರೈವರ್‌ಗಳ ಕೈಯಲ್ಲಿರುವ ಟ್ರಿಪ್ ಶೀಟ್ ನೋಡಿ. ಗಾಡಿ ಶೆಡ್ ಬಿಟ್ಟಾಗ ಎಷ್ಟು ಕಿಲೋಮೀಟರ್, ಮತ್ತೆ ಶೆಡ್ ಸೇರಿದಾಗ ಎಷ್ಟು, ಎರಡನ್ನೂ ಬರೆಯುತ್ತಾರೆ. ಹೊರಟಿದ್ದು, ಹೋದ ಕಡೆ ಕಾದಿದ್ದು, ವಾಪಸ್ ಬಂದಿದ್ದು ಎಲ್ಲ ಸೇರಿ ಒಂದು ಟ್ರಿಪ್. ಇಂಗ್ಲಿಷ್‌ನವರೂ ಹೆಚ್ಚುಕಡಿಮೆ ಹೀಗೇ ಲೆಕ್ಕ ಹಾಕುವುದು. ಬೇಸಿಗೆಯಲ್ಲಿ ನಮ್ಮ ಬೀದಿಗೆ ನೀರಿನ ಟ್ಯಾಂಕರ್ ‘ಎರಡು ಟ್ರಿಪ್ ಹೊಡೆಯಿತು’ ಅನ್ನುತ್ತೇವಲ್ಲ, ಆ ಬಳಕೆಯೂ ಸರಿಯಾದದ್ದೇ. ಇಂಗ್ಲಿಷ್ ತಪ್ಪು ಮಾತಾಡುತ್ತೇವೆ ಅಂತ ಸುಮ್ನೆ ಕೊರಗುವವರಿಗೆ ನಾನು ಈ ಉದಾಹರಣೆ ಕೊಡುತ್ತೇನೆ. ಬೆಂಗಳೂರಿನ ಆಟೋ ಸ್ಟ್ಯಾಂಡಿನಲ್ಲಿ ಈ ಪದ ಅದರ ಜಾಗದಲ್ಲೇ ಇದೆ.

ಟ್ರಿಪ್‌ನ ಹಳೆಯ ಅರ್ಥ ಹಗುರವಾದ, ಚುರುಕಾದ ಹೆಜ್ಜೆ. ಹೆಜ್ಜೆ ತಪ್ಪಿ ಎಡವಿದರೂ ಟ್ರಿಪ್. ಅದಕ್ಕೇ ಮನೆಯ ಎಂಸಿಬಿ ಬಿದ್ದರೂ ‘ಟ್ರಿಪ್ ಆಯ್ತು’ ಅನ್ನುತ್ತೇವೆ. ಆ ಹಗುರತನ ಈಗಲೂ ಪದದಲ್ಲಿ ಉಳಿದಿದೆ. ಟ್ರಿಪ್‌ಗೆ ಒಂದು ಬ್ಯಾಗ್ ಸಾಕು, ಎರಡು ದಿನದಲ್ಲಿ ಮನೆಗೆ ವಾಪಸ್. ಮನೆ ಖಾಲಿ ಮಾಡಿಕೊಂಡು, ಮಕ್ಕಳನ್ನು ಕರೆದುಕೊಂಡು ಬೇರೆ ದೇಶಕ್ಕೆ ಹೊರಟವರ ಹತ್ತಿರ ‘ನಿಮ್ಮ ಟ್ರಿಪ್ ಹೇಗಿತ್ತು’ ಎಂದು ಕೇಳಬಾರದು. ಅವರು ವಾಪಸ್ ಬರುವುದಕ್ಕೆ ಹೊರಟವರಲ್ಲ.

ಈಗ ನಿಮ್ಮ ಕೆಲಸಕ್ಕೆ ತುಂಬಾ ಬೇಕಾದ ಜಾಗ. ಟ್ರಿಪ್ ಬೇರೆ, ಜರ್ನಿ ಬೇರೆ. ಎರಡನ್ನೂ ದಿನವೂ ಬಳಸುತ್ತೀರಿ, ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ.

ಒಂದು ಸನ್ನಿವೇಶ ಇಟ್ಟುಕೊಳ್ಳಿ. ಲಂಡನ್ನಿನಿಂದ ಬಂದ ದಂಪತಿ ಏರ್‌ಪೋರ್ಟಿನ ಹೊರಗೆ ನಿಂತಿದ್ದಾರೆ. ನಿಮ್ಮ ಹುಡುಗ ಹೆಸರಿನ ಬೋರ್ಡ್ ಹಿಡಿದಿದ್ದಾನೆ. ಸೂಟ್‌ಕೇಸ್ ತೆಗೆದುಕೊಳ್ಳುತ್ತಾ ಏನು ಕೇಳಬೇಕು? ‘ಹೌ ವಾಸ್ ಯುವರ್ ಜರ್ನಿ?’ ವಿಮಾನದಲ್ಲಿ ನಿದ್ದೆ ಬಂತಾ, ತಡವಾಯಿತಾ, ಸುಸ್ತಾಯಿತಾ, ಇಷ್ಟನ್ನು ಆ ಪ್ರಶ್ನೆ ಕೇಳುತ್ತದೆ. ಹತ್ತು ದಿನ ಕಳೆದಿದೆ. ಹಂಪಿ ನೋಡಿದ್ದಾರೆ, ಕಬಿನಿಯಲ್ಲಿ ಆನೆ ನೋಡಿದ್ದಾರೆ, ಮೈಸೂರಿನಲ್ಲಿ ರೇಷ್ಮೆ ಸೀರೆ ಕೊಂಡಿದ್ದಾರೆ. ಅದೇ ಹುಡುಗ ಅವರನ್ನು ಅದೇ ಏರ್‌ಪೋರ್ಟಿಗೆ ಬಿಡುತ್ತಿದ್ದಾನೆ. ಈಗ ಕೇಳಬೇಕಾದ್ದು ‘ಹೌ ವಾಸ್ ಯುವರ್ ಟ್ರಿಪ್?’ ಹತ್ತು ದಿನದ ಊಟ, ಊರು, ಜನ, ಎಲ್ಲ ಆ ಒಂದು ಪದದೊಳಗೆ ಬಂತು. ಜರ್ನಿಯ ಕಣ್ಣು ದಾರಿಯ ಮೇಲೆ. ಟ್ರಿಪ್‌ನ ಕಣ್ಣು ಹೋಗಿ ಬಂದ ಇಡೀ ಸಂಗತಿಯ ಮೇಲೆ. ಆದ್ದರಿಂದಲೇ ‘ಟ್ರಿಪ್ ಚೆನ್ನಾಗಿತ್ತು, ಜರ್ನಿ ಮಾತ್ರ ಸಾಕಾಯಿತು’ ಅಂತ ಹೇಳಬಹುದು. ನೀವು ಮೈಸೂರಿಗೆ ಹೋಗಿ ಬಂದರೆ ಅದು ಒಂದು ಟ್ರಿಪ್, ಎರಡು ಜರ್ನಿ. ವಾಪಸ್ ಬರುವುದು ‘ರಿಟರ್ನ್ ಜರ್ನಿ’.

ಜರ್ನಿಯ ಒಳಗೆ ಇರುವುದು ಫ್ರೆಂಚಿನ ‘ಜೂರ್’, ಅಂದರೆ ದಿನ. ಒಂದು ದಿನದಲ್ಲಿ ನಡೆಯಬಹುದಾದಷ್ಟು ದಾರಿ, ಇಲ್ಲವೇ ಒಂದು ದಿನದಲ್ಲಿ ಮಾಡಬಹುದಾದಷ್ಟು ಕೆಲಸ, ಇದೇ ಅದರ ಮೊದಲ ಅರ್ಥ. ದಿನದ ಲೆಕ್ಕ ಬರೆಯುವ ‘ಜರ್ನಲ್’ ಇದರ ನೆಂಟ. ಕಸುಬು ಕಲಿತು ದಿನಗೂಲಿಗೆ ಕೆಲಸ ಮಾಡುವವನಿಗೆ ಇಂಗ್ಲಿಷ್‌ನಲ್ಲಿ ‘ಜರ್ನಿಮನ್’ ಅನ್ನುತ್ತಾರೆ. ಮೊದಲ ಸಲ ಅದನ್ನು ಕೇಳಿದವರು ಊರೂರು ಸುತ್ತುವವನು ಅಂದುಕೊಳ್ಳುತ್ತಾರೆ, ಆದರೆ ಅದರಲ್ಲಿ ಇರುವುದು ದಿನ, ದಾರಿಯಲ್ಲ. ನಮ್ಮ ಹಿರಿಯರು ಧರ್ಮಸ್ಥಳ ಎಷ್ಟು ದೂರ ಅಂದರೆ ಮೈಲಿ ಹೇಳುತ್ತಿರಲಿಲ್ಲ, ‘ಇಷ್ಟು ದಿನದ ಹಾದಿ’ ಅನ್ನುತ್ತಿದ್ದರು. ದಾರಿಯನ್ನು ದಿನದಲ್ಲಿ ಅಳೆಯುವ ಅದೇ ಬುದ್ಧಿ ಜರ್ನಿ ಎಂಬ ಪದದಲ್ಲೂ ಇದೆ. ಈ ಹಾದಿಯ ಭಾರ ಇರುವುದರಿಂದಲೇ ಬದುಕನ್ನು ಜರ್ನಿ ಅನ್ನುತ್ತಾರೆ, ಟ್ರಿಪ್ ಅನ್ನುವುದಿಲ್ಲ. ಕನ್ನಡದಲ್ಲೂ ಬಾಳಪಯಣ ಅನ್ನುತ್ತೇವೆ, ಬಾಳಪ್ರವಾಸ ಅನ್ನುತ್ತೇವಾ?

ನಿಮ್ಮ ಮಗಳು ಹಿಡಿದ ತಪ್ಪು ‘ಟ್ರಾವೆಲ್’ದು. ಅವಳ ಕಿವಿ ಚುರುಕಾಗಿದೆ. ಕಾರಣ ನಾನು ಹೇಳುತ್ತೇನೆ. ನಾವು ಟ್ರಾವೆಲ್ ಅಂದರೆ ಪ್ರಯಾಣ ಅಂತ ಬಾಯಿಪಾಠ ಮಾಡಿದ್ದೇವೆ. ಕನ್ನಡದಲ್ಲಿ ಒಂದು ಪ್ರಯಾಣ, ಎರಡು ಪ್ರಯಾಣ ಅಂತ ಎಣಿಸಬಹುದು. ಅದೇ ರೂಢಿಯಲ್ಲಿ ‘ಎ ಟ್ರಾವೆಲ್’, ‘ಯುವರ್ ಟ್ರಾವೆಲ್’ ಅಂದುಬಿಡುತ್ತೇವೆ. ಟ್ರಾವೆಲ್‌ಗೆ ಸರಿಯಾದ ಕನ್ನಡ ‘ಓಡಾಟ’. ‘ಈ ತಿಂಗಳು ಓಡಾಟ ಜಾಸ್ತಿ’ ಅನ್ನುತ್ತೇವೆ. ‘ಈ ತಿಂಗಳು ನಾಲ್ಕು ಓಡಾಟ ಮಾಡಿದೆ’ ಅಂತ ಯಾರೂ ಅನ್ನುವುದಿಲ್ಲ. ಓಡಾಟವನ್ನು ಬಿಡಿಬಿಡಿಯಾಗಿ ಎಣಿಸುವುದಿಲ್ಲ, ಒಟ್ಟಾಗಿ ಅಳೆಯುತ್ತೇವೆ. ಇಂಗ್ಲಿಷಿನ ಟ್ರಾವೆಲ್ ಕೂಡ ಹಾಗೇ. ‘ಮೈ ಜಾಬ್ ಇನ್ವಾಲ್ವ್ಸ್ ಎ ಲಾಟ್ ಆಫ್ ಟ್ರಾವೆಲ್’ ಸರಿ. ‘ಐ ಹ್ಯಾಡ್ ಎ ಟ್ರಾವೆಲ್ ಟು ಚೆನ್ನೈ’ ತಪ್ಪು. ಅಲ್ಲಿ ಟ್ರಿಪ್ ಬೇಕು. ಕ್ರಿಯಾಪದವಾಗಿ ಬಳಸಿದರೆ ಈ ತೊಂದರೆಯೇ ಇಲ್ಲ. ‘ವೀ ಟ್ರಾವೆಲ್ಡ್ ಟು ಚೆನ್ನೈ’ ಎಂದು ಧಾರಾಳವಾಗಿ ಬರೆಯಿರಿ.

ಹೋಗುವುದು ಅನ್ನುವ ಕ್ರಿಯೆ ಮಾತ್ರ ಇದ್ದು, ಎಲ್ಲಿಗೆ, ಯಾಕೆ, ವಾಪಸ್ ಬಂದರಾ ಅನ್ನುವುದು ಏನೂ ಇಲ್ಲದ ಕಡೆ ಟ್ರಾವೆಲ್ ಕೂರುತ್ತದೆ. ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಹೋಗುತ್ತದೆ ಅನ್ನುವಾಗ ಇಂಗ್ಲಿಷಿನಲ್ಲಿ ‘ಲೈಟ್ ಟ್ರಾವೆಲ್ಸ್’ ಅನ್ನುತ್ತಾರೆ. ಸುದ್ದಿಯೂ ಟ್ರಾವೆಲ್ ಆಗುತ್ತದೆ. ಬೆಳಕು ಟ್ರಿಪ್ ಹೋಗುವುದಿಲ್ಲ, ಸುದ್ದಿ ಟೂರ್ ಹೋಗುವುದಿಲ್ಲ.

ಈ ಪದದ ಹಿಂದೆ ಒಂದು ನೋವಿನ ಕತೆ ಇದೆ. ಟ್ರಾವೆಲ್ ಬಂದದ್ದು ಫ್ರೆಂಚಿನ ‘ತ್ರವಾಯ್’ನಿಂದ, ಅಂದರೆ ದುಡಿಮೆ, ಕಷ್ಟ. ಅದರ ಹಿಂದೆ ಲ್ಯಾಟಿನ್ನಿನಲ್ಲಿ ಮೂರು ಗೂಟ ನೆಟ್ಟು ಜನರಿಗೆ ಹಿಂಸೆ ಕೊಡುತ್ತಿದ್ದ ಒಂದು ಸಾಧನದ ಹೆಸರಿದೆ. ಆ ಕಾಲದಲ್ಲಿ ಊರು ಬಿಟ್ಟು ಊರಿಗೆ ಹೋಗುವುದೆಂದರೆ ಅಷ್ಟು ಕಷ್ಟ. ಕಳ್ಳರು, ಕೆಸರು, ಕಾಯಿಲೆ. ನಮ್ಮ ‘ಓಡಾಟ’ದಲ್ಲೂ ಸುಸ್ತು ಇದೆ ನೋಡಿ. ‘ಇವತ್ತು ಓಡಾಟ ಜಾಸ್ತಿ ಆಯಿತು ಕಣ್ರೀ’ ಅಂದವರಿಗೆ ನಾವು ಮೊದಲು ಕುಡಿಯಲು ನೀರು ಕೊಡುತ್ತೇವೆ.

ವಾಯೇಜ್ ನಿಮ್ಮ ವ್ಯವಹಾರಕ್ಕೆ ಜಾಸ್ತಿ ಬೇಕಾಗುವುದಿಲ್ಲ. ಆದರೆ ನನಗೆ ಈ ಐದರಲ್ಲಿ ತುಂಬಾ ಇಷ್ಟದ ಪದ ಅದು, ಹಾಗಾಗಿ ಹೇಳದೆ ಬಿಡಲಾರೆ. ಅದರ ಮೂಲ ಲ್ಯಾಟಿನ್ನಿನ ‘ವಿಯಾಟಿಕಮ್’. ‘ವಿಯಾ’ ಅಂದರೆ ದಾರಿ. ವಿಯಾಟಿಕಮ್ ಅಂದರೆ ದಾರಿಗೆ ಬೇಕಾದ ಊಟ, ದಾರಿಖರ್ಚಿನ ದುಡ್ಡು. ಅಂದರೆ ನಮ್ಮ ಬುತ್ತಿ! ನೀವು ಡ್ರೈವರ್‌ಗೆ ಔಟ್‌ಸ್ಟೇಷನ್ ಹೋಗುವಾಗ ಕೊಡುವ ಬಾಟಾ ಕೂಡ ಅದೇ.

ಅಪ್ಪನಿಗೆ ವರ್ಗವಾದಾಗಲೆಲ್ಲ ನಾವು ಮೆಜೆಸ್ಟಿಕ್ಕಿನಿಂದ ರಾತ್ರಿ ಬಸ್ಸು ಹತ್ತುತ್ತಿದ್ದೆವು. ಅಮ್ಮ ಮಧ್ಯಾಹ್ನದಿಂದಲೇ ಬುತ್ತಿ ಕಟ್ಟಲು ಕೂರುತ್ತಿದ್ದರು. ಮುತ್ತುಗದ ಎಲೆಯ ಮೇಲೆ ಚಪಾತಿ, ಅದರ ಮಧ್ಯೆ ಎಣ್ಣೆ ಹಾಕಿ ಕಲಸಿದ ಚಟ್ನಿಪುಡಿ. ಮೊಸರನ್ನಕ್ಕೆ ಹಾಲು ಜಾಸ್ತಿ, ಮೊಸರು ಒಂದೇ ಚಮಚ, ಬೆಳಗಿನ ಹೊತ್ತಿಗೆ ಹುಳಿಯಾಗದೆ ಹದವಾಗಿರಲಿ ಅಂತ. ಎಲ್ಲವನ್ನೂ ಹಳೆಯ ಬಿಳಿ ಪಂಚೆಯ ತುಂಡಿನಲ್ಲಿ ಗಂಟು ಹಾಕುತ್ತಿದ್ದರು. ತುಮಕೂರು ದಾಟುವ ಮೊದಲೇ ನಾವು ಮಕ್ಕಳು ಗಂಟು ಬಿಚ್ಚಿಸುತ್ತಿದ್ದೆವು. ಎಷ್ಟೋ ವರ್ಷ ಆದ ಮೇಲೆ ವಿಯಾಟಿಕಮ್ ಅನ್ನುವ ಪದ ಓದಿದಾಗ ನನಗೆ ಮೊದಲು ಬಂದದ್ದು ಆ ಚಟ್ನಿಪುಡಿಯ ವಾಸನೆ.

ಮೊದಲು ವಾಯೇಜ್ ಅಂದರೆ ಯಾವ ಪ್ರಯಾಣವಾದರೂ ಆಗುತ್ತಿತ್ತು. ಫ್ರೆಂಚಿನಲ್ಲಿ ಈಗಲೂ ಹಾಗೇ. ಇಂಗ್ಲಿಷಿನಲ್ಲಿ ಕ್ರಮೇಣ ಅದು ಸಮುದ್ರಕ್ಕೆ ಮೀಸಲಾಯಿತು, ಆಮೇಲೆ ಬಾಹ್ಯಾಕಾಶಕ್ಕೂ ಹೋಯಿತು. ಟೈಟಾನಿಕ್ 1912ರಲ್ಲಿ ಹೊರಟದ್ದು ಮೊದಲ ವಾಯೇಜ್. ಅಮೆರಿಕದವರು 1977ರಲ್ಲಿ ದೂರದ ಗ್ರಹಗಳ ಕಡೆಗೆ ಕಳಿಸಿದ ಎರಡು ನೌಕೆಗಳ ಹೆಸರು ವಾಯೇಜರ್. ಇದಕ್ಕೆ ಕನ್ನಡದಲ್ಲಿ ‘ಯಾನ’ ಅನ್ನುವಷ್ಟು ಚೆನ್ನಾಗಿ ಹೊಂದುವ ಪದ ಇನ್ನೊಂದಿಲ್ಲ. ನೌಕಾಯಾನ, ಗಗನಯಾನ. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಚಂದ್ರನ ಮೇಲೆ ಇಳಿದಾಗ ಅದನ್ನು ನೋಡಿಕೊಳ್ಳುತ್ತಿದ್ದವರು ಕೂತಿದ್ದು ನಮ್ಮ ಪೀಣ್ಯದಲ್ಲಿ. ‘ಚಂದ್ರಪ್ರವಾಸ’ ಅಂತ ಹೆಸರಿಟ್ಟಿದ್ದರೆ ಎಷ್ಟು ಸಪ್ಪೆಯಾಗುತ್ತಿತ್ತು! ಕಾಲಡಿಯಲ್ಲಿ ನೆಲ ಇಲ್ಲ, ನಡುವೆ ಇಳಿಯುವ ಹಾಗಿಲ್ಲ, ದಿನಗಟ್ಟಲೆ ಹೋಗಬೇಕು. ಹಾಗಿದ್ದರೆ ವಾಯೇಜ್. ಬೆಂಗಳೂರಿಗೆ ವಿಮಾನದಲ್ಲಿ ಬಂದವರಿಗೆ ‘ಫ್ಲೈಟ್ ಹೇಗಿತ್ತು’ ಎಂದು ಕೇಳಿದರೆ ಸಾಕು.

ನೀವು ಕೇಳದಿದ್ದರೂ ‘ಕಮ್ಯೂಟ್’ ಬಗ್ಗೆ ಹೇಳಲೇಬೇಕು. ಬೆಂಗಳೂರಿನಲ್ಲಿ ಇದ್ದುಕೊಂಡು ಈ ಪದ ಬಿಟ್ಟರೆ ಹೇಗೆ? ದಿನವೂ ಮನೆಯಿಂದ ಕೆಲಸಕ್ಕೆ, ಕೆಲಸದಿಂದ ಮನೆಗೆ ಹೋಗಿ ಬರುವುದು ಕಮ್ಯೂಟ್. ಒಂದೇ ದಾರಿ, ಒಂದೇ ಹೊತ್ತು. ಕಂಪನಿಗಳಿಗೆ ಗಾಡಿ ಬಿಡುತ್ತೀರಾದರೆ ನಿಮಗೆ ಬೇಕಾದ ಪದ ಇದೇ. ‘ಎಂಪ್ಲಾಯೀ ಟೂರ್’ ಅಂದರೆ ಸಿಬ್ಬಂದಿಯನ್ನೆಲ್ಲ ಊಟಿಗೆ ಕರೆದುಕೊಂಡು ಹೋದಂತಾಗುತ್ತದೆ.

ಕಮ್ಯೂಟ್ ಅಂದರೆ ಮೂಲದಲ್ಲಿ ಬದಲಾಯಿಸುವುದು. ಅಪ್ಪ ರಿಟೈರ್ ಆದಾಗ ಪೆನ್ಷನ್ನಿನ ಒಂದು ಭಾಗವನ್ನು ‘ಕಮ್ಯೂಟ್’ ಮಾಡಿಸಿದರು, ಅಂದರೆ ತಿಂಗಳು ತಿಂಗಳು ಬರುವ ಚಿಲ್ಲರೆಯ ಬದಲು ಒಂದಿಷ್ಟು ಇಡುಗಂಟು ತೆಗೆದುಕೊಂಡರು. ಗಲ್ಲು ಶಿಕ್ಷೆಯನ್ನು ಜೀವಾವಧಿಗೆ ಬದಲಾಯಿಸುವುದಕ್ಕೂ ಇದೇ ಪದ, ಸಂವಿಧಾನದ 72ನೇ ವಿಧಿಯಲ್ಲಿದೆ. ಆಫೀಸಿಗೆ ಹೋಗುವುದಕ್ಕೂ ಇದಕ್ಕೂ ಏನು ನಂಟು? ಹತ್ತೊಂಬತ್ತನೇ ಶತಮಾನದಲ್ಲಿ ಅಮೆರಿಕದ ರೈಲಿನವರು ದಿನಾ ಓಡಾಡುವವರಿಗೆ ಕಡಿಮೆ ದರದ ಒಟ್ಟು ಟಿಕೆಟ್ ಕೊಡುತ್ತಿದ್ದರು. ಬಿಡಿ ಬಿಡಿ ಟಿಕೆಟ್ಟಿನ ಬದಲು ಒಂದೇ ಸಲ ದುಡ್ಡು. ಅದು ‘ಕಮ್ಯುಟೇಷನ್ ಟಿಕೆಟ್’. ಆ ಟಿಕೆಟ್ ಇದ್ದವರು ಕಮ್ಯೂಟರ್. ಕೈಯಲ್ಲಿ ಬಿಎಂಟಿಸಿ ತಿಂಗಳ ಪಾಸ್ ಹಿಡಿದು ಬೆಳಿಗ್ಗೆ ಏಳೂವರೆಗೆ ಸ್ಟಾಪಿನಲ್ಲಿ ನಿಂತವರು ಆ ಪದದ ಮೊದಲ ಅರ್ಥದಲ್ಲೇ ಕಮ್ಯೂಟರ್.

ಚಿಕ್ಕಪುಟ್ಟವು ಕೆಲವಿವೆ. ಎಕ್ಸ್‌ಕರ್ಷನ್ ಅಂದರೆ ಒಂದು ಗುಂಪು ಒಂದು ಉದ್ದೇಶಕ್ಕೆ, ಒಂದೆರಡು ದಿನದ ಮಟ್ಟಿಗೆ ಹೋಗಿ ಬರುವುದು. ಶಾಲೆಗಳು ಈ ಪದವನ್ನು ಸರಿಯಾಗೇ ಬಳಸುತ್ತವೆ. ನಿಮ್ಮ ಕಸುಬಿನ ಹಿರಿಯ ಥಾಮಸ್ ಕುಕ್ 1841ರ ಜುಲೈ 5ರಂದು ಲೆಸ್ಟರ್‌ನಿಂದ ಲಫ್‌ಬರೋಗೆ ಸುಮಾರು 500 ಜನರನ್ನು ರೈಲಿನಲ್ಲಿ ಕರೆದುಕೊಂಡು ಹೋದದ್ದು ಇಂಥದ್ದೇ. ತಲೆಗೆ ಒಂದು ಶಿಲ್ಲಿಂಗ್. ಹೊರಟಿದ್ದು ಕುಡಿತ ಬಿಡಿಸುವವರ ಸಭೆಗೆ. ಟ್ರೆಕ್ ಅಂದರೆ ಬೆಟ್ಟ, ಕಾಡು, ಬೆನ್ನಿಗೆ ಬ್ಯಾಗು, ನಮ್ಮ ಚಾರಣ. ಪಿಲ್ಗ್ರಿಮೇಜ್ ಅಂದರೆ ತೀರ್ಥಯಾತ್ರೆ, ಇದರಲ್ಲಿ ಗೊಂದಲವಿಲ್ಲ.

ಪಿಕ್‌ನಿಕ್ ವಿಷಯದಲ್ಲಿ ಮಾತ್ರ ಹುಷಾರು. ನಾವು ನಂದಿಬೆಟ್ಟಕ್ಕೆ ಹೋಗಿ ಬಂದರೂ ಪಿಕ್‌ನಿಕ್ ಅನ್ನುತ್ತೇವೆ. ಇಂಗ್ಲಿಷ್‌ನವರಿಗೆ ಪಿಕ್‌ನಿಕ್ ಅಂದರೆ ಹುಲ್ಲಿನ ಮೇಲೆ ಜಮಖಾನ ಹಾಸಿ, ಮನೆಯಿಂದ ತಂದ ಊಟ ಮಾಡುವುದು. ಊಟ ಇಲ್ಲದೆ ಪಿಕ್‌ನಿಕ್ ಇಲ್ಲ. ಪ್ಯಾಕೇಜಿನಲ್ಲಿ ‘ನಂದಿ ಹಿಲ್ಸ್ ಪಿಕ್‌ನಿಕ್’ ಅಂತ ಬರೆದರೆ ಗೆಸ್ಟ್ ಬುಟ್ಟಿ ತುಂಬಾ ಸ್ಯಾಂಡ್‌ವಿಚ್ ಬರುತ್ತದೆ ಅಂದುಕೊಂಡು ತಿಂಡಿ ತಿನ್ನದೆ ಬರಬಹುದು. ‘ಡೇ ಟ್ರಿಪ್ ಟು ನಂದಿ ಹಿಲ್ಸ್’ ಅಂತ ಬರೆಯಿರಿ.

ನಮ್ಮ ಊರಿನ ಇಂಗ್ಲಿಷಿನಲ್ಲಿ ಇನ್ನೂ ಎರಡು ಮೂರು ಮಾತುಗಳಿವೆ, ಅವು ಹೊರಗಿನವರಿಗೆ ತಟ್ಟನೆ ಹೊಳೆಯುವುದಿಲ್ಲ. ‘ಔಟ್ ಆಫ್ ಸ್ಟೇಷನ್’ ಅಂದರೆ ಅವರು ರೈಲ್ವೆ ಸ್ಟೇಷನ್ ಹುಡುಕುತ್ತಾರೆ. ಬ್ರಿಟಿಷರ ಕಾಲದಲ್ಲಿ ಅಧಿಕಾರಿಗಳು, ಸೈನಿಕರು ಇರುವ ಊರಿಗೆ ಸ್ಟೇಷನ್ ಅನ್ನುತ್ತಿದ್ದರು. ನಮ್ಮ ದಂಡು ಪ್ರದೇಶದ ಹೆಸರೇ ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’ ಅಂತ ಇತ್ತು. ಅವರು ಹೋದರು, ಆ ಮಾತನ್ನು ಅವರ ದೇಶದಲ್ಲಿ ಮರೆತರು, ನಾವು ಉಳಿಸಿಕೊಂಡೆವು. ನನಗೆ ಅದರ ಮೇಲೆ ಪ್ರೀತಿ ಇದೆ. ಆದರೂ ಗೆಸ್ಟ್‌ಗೆ ಬರೆಯುವಾಗ ‘ಔಟ್ ಆಫ್ ಟೌನ್’ ಅನ್ನಿ. ನಡೆದುಕೊಂಡು ಹೋಗಬಹುದು ಅನ್ನಲು ‘ಬೈ ವಾಕ್’ ಬೇಡ, ‘ಆನ್ ಫುಟ್’ ಬೇಕು. ‘ವಾಕಬಲ್ ಡಿಸ್ಟೆನ್ಸ್’ ಬದಲು ‘ವಾಕಿಂಗ್ ಡಿಸ್ಟೆನ್ಸ್’. ಇನ್ನು ‘ಹ್ಯಾಪಿ ಜರ್ನಿ’ ನಮ್ಮ ಬಸ್ಸಿನ ಹಿಂದೆ, ರೈಲ್ವೆ ಸ್ಟೇಷನ್ನಿನ ಬೋರ್ಡಿನ ಮೇಲೆ ಇರುವ ಮಾತು. ಇಂಗ್ಲೆಂಡಿನಲ್ಲಿ ‘ಹ್ಯಾವ್ ಎ ಸೇಫ್ ಜರ್ನಿ’ ಅನ್ನುವುದು ರೂಢಿ. ಅದಕ್ಕಾಗಿ ನಿಮ್ಮ ಗಾಡಿಯ ಸ್ಟಿಕ್ಕರ್ ಕೀಳಬೇಡಿ, ನೋಡಿದವರಿಗೆ ಅರ್ಥವಾಗುತ್ತದೆ, ಖುಷಿಯೂ ಆಗುತ್ತದೆ.

ಬೋರ್ಡಿನ ವಿಷಯಕ್ಕೂ ನನ್ನ ಉತ್ತರ ಅದೇ. ‘ಟ್ರಾವೆಲ್ಸ್’ ಈಗ ಕನ್ನಡದ ಪದ. ‘ಟ್ರಾವೆಲ್ಸ್ ಬಸ್ಸಲ್ಲಿ ಬಂದೆ’, ‘ಟ್ರಾವೆಲ್ಸ್‌ನವರಿಗೆ ಫೋನ್ ಮಾಡು’ ಅಂದರೆ ವಿಜಯನಗರದಲ್ಲಿ ಯಾರಿಗಾದರೂ ತಿಳಿಯುತ್ತದೆ. ಬೋರ್ಡ್ ಇರುವುದು ಅವರಿಗಾಗಿ, ಹಾಗೇ ಇರಲಿ. ಹೊರದೇಶದವರಿಗೆ ಕಳಿಸುವ ಮೆಸೇಜಿನ ಕೊನೆಗೆ ಮಾತ್ರ ಹೆಸರಿನ ಕೆಳಗೆ ‘ಕಾರ್ ಹೈರ್ ವಿತ್ ಡ್ರೈವರ್’ ಅಂತ ಒಂದು ಸಾಲು ಸೇರಿಸಿ. ಟ್ರಾವೆಲ್ಸ್ ಎಂದು ನೋಡಿ ನಿಮ್ಮ ಕೆಲಸ ಏನೆಂದು ಅವರಿಗೆ ಗೊತ್ತಾಗುವುದಿಲ್ಲ, ಈ ಸಾಲು ನೋಡಿದರೆ ಗೊತ್ತಾಗುತ್ತದೆ.

ಏರ್‌ಪೋರ್ಟಿಗೆ ಬಿಡುವುದಕ್ಕೆ ನಾವು ‘ಡ್ರಾಪ್’ ಅನ್ನುತ್ತೇವೆ. ಅವರು ‘ಡ್ರಾಪ್ ಆಫ್’ ಅನ್ನುತ್ತಾರೆ, ಹಾಗಾಗಿ ಹತ್ತಿರದಲ್ಲೇ ಇದ್ದೇವೆ. ಹೋಟೆಲಿನವರು, ಏಜೆಂಟರು ಬಳಸುವ ಪದ ‘ಏರ್‌ಪೋರ್ಟ್ ಟ್ರಾನ್ಸ್‌ಫರ್’. ಬಿಲ್ಲಿನಲ್ಲಿ ಅದನ್ನೇ ಬರೆಯಿರಿ. 8 ಗಂಟೆ 80 ಕಿಲೋಮೀಟರ್ ಲೋಕಲ್ ಬುಕಿಂಗಿಗೆ ‘ಕಾರ್ ಅಂಡ್ ಡ್ರೈವರ್ ಫಾರ್ ಎಯ್ಟ್ ಅವರ್ಸ್’ ಅಂದರೆ ಸಾಕು. ಅದು ಟೂರೂ ಅಲ್ಲ, ಟ್ರಿಪ್ಪೂ ಅಲ್ಲ, ಗೆಸ್ಟ್ ಹೇಳಿದ ಕಡೆ ಗಾಡಿ ಹೋಗುತ್ತದೆ ಅಷ್ಟೆ.

ಆ ಹೆಂಗಸಿನಂಥವರಿಗೆ ವಾಟ್ಸಾಪ್‌ನಲ್ಲಿ ಇಷ್ಟು ಬರೆಯಿರಿ: ‘ಯುವರ್ ಕಾರ್ ಟು ದಿ ಏರ್‌ಪೋರ್ಟ್ ವಿಲ್ ಬಿ ಅಟ್ ದಿ ಹೋಟೆಲ್ ಗೇಟ್ ಅಟ್ ಫೋರ್ ಎ.ಎಂ.’ ಆಮೇಲೆ ಡ್ರೈವರ್ ಹೆಸರು, ಗಾಡಿ ನಂಬರ್. ಫ್ಲೈಟ್ ಇರುವವರಿಗೆ ರಾತ್ರಿ ನಿದ್ದೆ ಬರಲು ಬೇಕಾದ ವಿಷಯ ಅಷ್ಟೇ ಅಲ್ವಾ?